ಮೇಣದ ದಾರದ ಕಯಾಕು

ಊರು ಮಾಳಿಗೆಯವರೆಗೂ ನೀರಿನಡಿ ಹೋಗಿ ಆರು ವರ್ಷವಾಗಿತ್ತು. ಎಲ್ಲರ ಮಾಳಿಗೆಗೂ ಬಂದು ನಿಲ್ಲುವ ಲಾಂಚು ಸಮಗಾರ ಕೇರಿಯ ಮುಂದೆ ಮಾತ್ರ ಹಾರ್ನ್ ಹೊಡೆದು ಹೋಗಿಬಿಡುತ್ತಿತ್ತು. ಹೋದ ವರ್ಷ ಕಸ್ತೂರಿಗೆ ನರ್ಸಿಂಗ್ ಪರೀಕ್ಷೆ ತಪ್ಪಿದ್ದು ಹಾಗೆಯೇ.

ಈ ಸಲ ಅವಳು ಎಲ್ಲಿಂದಲೋ ಕಯಾಕು ಎಂಬ ಕಿರುದೋಣಿಯ ನಕ್ಷೆ ತಂದಳು. ತಾಯಿ ಮಗಳು ಕಿಟಕಿಗಳ ಚೌಕಟ್ಟು ಸೀಳಿ ಮಾಳಿಗೆಯ ಮೇಲೆಯೇ ಅದರ ಪಕ್ಕೆಲುಬು ಜೋಡಿಸಿದರು. ಮೊಳೆ ಬೇಡ, ದಾರದಿಂದಲೇ ಬಿಗಿಯಬೇಕು ಎಂದು ಮಗಳು ಓದಿ ಹೇಳಿದಾಗ ದುರಗವ್ವ ಬಿದ್ದು ಬಿದ್ದು ನಕ್ಕಳು.

"ಇದು ದೋಣಿ ಅಲ್ಲವ್ವಾ, ದೊಡ್ಡ ಚಪ್ಪಲಿ!"

ಚಪ್ಪಲಿ ಹೊಲಿಯುವ ಮೇಣದ ದಾರ, ದಬ್ಬಳ ಹೊರಬಂದವು. ಇಂಚುಪಟ್ಟಿಯನ್ನು ನಂಬದೆ ದುರಗವ್ವ ತನ್ನ ಗೇಣಿನಿಂದಲೇ ಅಳೆದಳು. ಅಳತೆ ಹಿಗ್ಗಿ ಒಬ್ಬರ ಕಯಾಕು ಇಬ್ಬರದಾಯಿತು. ಪಕ್ಕೆಲುಬಿಗೆ ಹೊದಿಸಲು ಚುನಾವಣೆಯ ಫ್ಲೆಕ್ಸು ಸಿಕ್ಕಿತು. ನಾಯಕರ ನಗುಮುಖ ಕಯಾಕಿನ ಹೊಟ್ಟೆಯಡಿ ಬಂದು ನೀರು ಕುಡಿಯಿತು.

ಪರೀಕ್ಷೆಯ ದಿನ ಬೆಳಿಗ್ಗೆ ಕಸ್ತೂರಿ ಅಂಜುತ್ತಲೇ ಇಳಿದಳು. "ಯವ್ವಾ, ಮುಳುಗಿದ್ರ?"

"ನಾ ಹೊಲಿದದ್ದು ಯಾವಾಗರ ಬಿಚ್ಚೇತೇನ? ಕುಂದರ ಸುಮ್ನ!"

ಕಯಾಕು ಓಲಾಡಿತು, ಒಮ್ಮೆ ಗಿರಕಿ ಹೊಡೆಯಿತು, ಆಮೇಲೆ ಬಾಣದಂತೆ ಹೊರಟಿತು. ಮಾಳಿಗೆಗಳ ಮೇಲೆ ಶಿಳ್ಳೆಯೋ ಶಿಳ್ಳೆ. ಹಿಂದೆ ಬಂದ ಲಾಂಚಿನ ಚಾಲಕ ಬೆರಗಾಗಿ ಎಂಜಿನ್ ಆರಿಸಿದ. ಲಾಂಚು ಕೇರಿಯ ಎದುರೇ ನಿಂತಿತು.

"ಏನಬೇ ಇದು? ಪರೀಕ್ಷೆಗೇನ? ಬರ್ರಿ, ಹತ್ರಿ," ಎಂದ.

ದುರಗವ್ವ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. ಹೊರಳಿ ನೋಡಿ ಕೂಗಿದಳು:

"ಅಲೆಲೆಲೆ! ಇಲ್ಲಿ ನಿಲ್ಲಸಾಕ ಬರ್ತೈತೇನೋ ನಿನಗ!"