ಹದಿನೇಳನೆಯ ಬಟ್ಟಲು

ಹೇಳದೆ ಇದ್ದುಬಿಟ್ಟರೆ?

ಬಸ್ಸು ತಿಕೋಟಾ ದಾಟಿದರೂ ಯಾಕೂಬನಿಗೆ ಉತ್ತರ ಸಿಕ್ಕಿರಲಿಲ್ಲ. ಜೇಬಿನ ಕಾಗದದಲ್ಲಿ ಇಪ್ಪತ್ತು ಮನೆಗಳ ಇಪ್ಪತ್ತು ಅಂಕಿಗಳಿದ್ದವು. ಹತ್ತೊಂಬತ್ತು ಚಿಕ್ಕವು. ಹದಿನೇಳನೆಯದರ ಸುತ್ತ ರಾಮಲಿಂಗ ಸರ್ ಕೆಂಪು ಪೆನ್ಸಿಲಿನಿಂದ ಎರಡು ಸಲ ಗೆರೆ ಎಳೆದಿದ್ದರು.

ಅಂಕಿ ಸುಳ್ಳಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸುಳ್ಳಾಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಕೆಮ್ಮುವ ತಂದೆಯ ಎದುರು ಸುಮ್ಮನೆ ಕೂತಿದ್ದವನಿಗೆ, ಎಪ್ಪತ್ತೆಂಟನೇ ಇಸವಿಯಲ್ಲಿ, ಕಾಲೇಜಿನ ರಾಮಲಿಂಗ ಸರ್ ಈ ಕೆಲಸ ಕೊಟ್ಟಿದ್ದರು. ನೆಲದಿಂದ ರೇಡಾನ್ ಎಂಬ ಅನಿಲ ಏಳುತ್ತದೆ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಗಾಳಿಯಾಡದ ಕೋಣೆಯಲ್ಲಿ ಅದನ್ನು ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶ ಕೆಡುತ್ತದೆ. ಅದನ್ನು ಅಳೆಯಲು ಒಂದು ಪ್ಲಾಸ್ಟಿಕ್ ಬಟ್ಟಲು, ತಳದಲ್ಲಿ ಉಗುರಿನಷ್ಟು ಫಿಲ್ಮ್. ಬೋರಲಾಗಿ ತೂಗುಹಾಕಿ ಮೂರು ತಿಂಗಳ ಮೇಲೆ ತರಬೇಕು. ಇಪ್ಪತ್ತು ಮನೆಗೆ ಇಪ್ಪತ್ತು ಬಟ್ಟಲು, ಒಡೆದರೆ ಇರಲೆಂದು ಒಂದು ಹೆಚ್ಚಿಗೆ.

"ಒಂದು ಕಳದ್ರೂ ಇಡೀ ಪಟ್ಟಿ ಕೆಡ್ತದ ನೋಡಪಾ," ಎಂದಿದ್ದರು ಸರ್.

ಹದಿನೇಳನೆಯದು ಘೋಣಸಗಿಯ ಗುರುಬಸವ್ವನ ಮನೆಯ ಬಾಣಂತಿ ಕೋಣೆ. ಬಟ್ಟಲು ಕೊಡಲು ಹೋದ ದಿನ ಒಳಗೆ ಸೊಸೆ ರೇಣುಕವ್ವ ಎಂಟು ದಿನದ ಕೂಸಿನೊಂದಿಗೆ ಮಲಗಿದ್ದಳು. ಹೊರಗಿನ ಗಂಡಸು ಹೊಸ್ತಿಲು ದಾಟುವಂತಿರಲಿಲ್ಲ. ಗುರುಬಸವ್ವ ತಾನೇ ಬಟ್ಟಲು ಇಸಿದುಕೊಂಡು ತೊಟ್ಟಿಲಿನ ಮೇಲೆ ಕಟ್ಟಿದ್ದಳು.

"ಕೂಸಿಗೆ ದೃಷ್ಟಿ ತಾಗೂದಿಲ್ಲ ಹೌದಿಲ್ಲೋ ತಮ್ಮಾ ಇದ್ರಿಂದ?"

ಅವನು ಸುಮ್ಮನಿದ್ದ. ಅವಳು ಅದನ್ನೇ ಹೌದೆಂದುಕೊಂಡಳು.

ಮೂರು ತಿಂಗಳ ಮೇಲೆ ಹೋದಾಗ ಗುರುಬಸವ್ವ ಹೊಲದಲ್ಲಿದ್ದಳು, ಮನೆಯಲ್ಲಿ ರೇಣುಕವ್ವ ಒಬ್ಬಳೇ. ಕೂಸು ಹೋಗಿ ಎರಡು ತಿಂಗಳು ದಾಟಿತ್ತು. ಮನೆಯವರು ಕೂಸನ್ನು ಮಣ್ಣು ಮಾಡಲು ಹೋಗಿದ್ದಾಗ ಓಣಿಯ ಹೆಂಗಸರು ತೊಟ್ಟಿಲು, ಕೌದಿ, ಬೆಂಕಿಯ ಮಡಕೆ ಎಲ್ಲವನ್ನೂ ಹೊರಗೆ ಸಾಗಿಸಿ, ಕೋಣೆಗೆ ಸುಣ್ಣ ಬಳಿದಿದ್ದರು. ಯಾಕೂಬ ಬಾಗಿಲಲ್ಲಿ ನಿಂತು ಬಿಳಿ ಗೋಡೆ ನೋಡಿದ. ರೇಣುಕವ್ವ ಅವನನ್ನು ನೋಡಿದಳು. ಮರುದಿನ ಅವನು ಸರ್ ಮೇಜಿನ ಮೇಲೆ ಇಪ್ಪತ್ತು ಬಟ್ಟಲುಗಳನ್ನು ಸಾಲಾಗಿ ಇಟ್ಟ.

"ಕರೀ ಕಲ್ಲಿನ ನೆಲದಾಗ ಇಷ್ಟು ಬರಬಾರದು," ಫಿಲ್ಮುಗಳನ್ನು ಪರೀಕ್ಷಿಸಿ ಮುಗಿಸಿದ ಸರ್ ನಿನ್ನೆ ಕನ್ನಡಕ ಒರೆಸುತ್ತ ಹೇಳಿದ್ದರು. "ಆ ಮನ್ಯಾಗ ಕತ್ತಲದಾಗ ಹೊಳಿಯೋ ಗಡಿಯಾರ ಏನರ ಅದಾವೇನು? ರೇಡಿಯಂ ಬಣ್ಣದ್ದು? ಅದ್ರಿಂದನೂ ಈ ಅನಿಲ ಬರ್ತದ."

"ಆ ಮನ್ಯಾಗ ಗಡಿಯಾರನ ಇಲ್ರಿ ಸರ್."

ಅದು ನಿಜವೇ ಆಗಿತ್ತು.

"ಹಂಗಾದ್ರ ನೆಲದ್ದ. ಹೋಗಿ ಆ ಕೋಣಿ ಬಿಡಸು."

ಘೋಣಸಗಿಯ ಮನೆಯ ಮುಂದೆ ಒಂದು ತಗಡಿನ ಟ್ರಂಕ್ ಇತ್ತು. ರೇಣುಕವ್ವನ ಗಂಡ ಶಿವಯೋಗೆಪ್ಪ ತಲೆ ಎತ್ತದೆ ಅದಕ್ಕೆ ಹಗ್ಗ ಬಿಗಿಯುತ್ತಿದ್ದ.

"ಬಾ ತಮ್ಮಾ. ಛಲೋ ಹೊತ್ತಿಗೆ ಬಂದಿ," ಎಂದಳು ಗುರುಬಸವ್ವ. "ಈಕೀನ ಮಮದಾಪುರಕ್ಕ ಕಳಸಾಕತ್ತೇವಿ, ತವರಿಗೆ. ತಿರುಗಿ ಬರಂಗಿಲ್ಲ. ಮೊದಲಿಂದೂ ಸೇರಿ ಎರಡು ಕೂಸು ನುಂಗಿ ನೀರ ಕುಡದಾಳ. ಇವಗ ಬಬಲೇಶ್ವರದಾಗ ಬ್ಯಾರೆ ಹೆಣ್ಣ ನೋಡೇವಿ."

ರೇಣುಕವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಅಳು ಎಂದೋ ಮುಗಿದಂತಿತ್ತು.

ಯಾಕೂಬ ಕಾಗದ ತೆಗೆದ. "ದೊಡ್ಡವ್ವಾ, ಹದಿನೇಳನೇ ಬಟ್ಟಲದಾಗ ಭಾಳ ಬಂದೈತ್ರಿ. ನೆಲದಿಂದ ಕೆಟ್ಟ ಗಾಳಿ ಏಳ್ತದಂತ. ಕೋಣಿ ಬಿಡ್ರಿ ಅಂತ ನಮ್ಮ ಸರ್ ಹೇಳ್ಯಾರ."

"ಕೆಟ್ಟ ಗಾಳಿ?" ಅವಳು ಅಲ್ಲೇ ಕೂತುಬಿಟ್ಟಳು. "ಅಂದ್ರ ನನ್ನ ಮೊಮ್ಮಕ್ಕಳ್ನ ತಿಂದದ್ದು ಅದನ ಏನೋ ಯಪ್ಪಾ?"

ಸರ್ ಹೇಳಿದ್ದು ವರ್ಷಗಟ್ಟಲೆಯ ಮಾತು. ಆ ಕೂಸುಗಳು ತಿಂಗಳು ತುಂಬುವಷ್ಟೂ ಬದುಕಿರಲಿಲ್ಲ. ಅಲ್ಲ ಎಂದರೆ ಸಾಕಿತ್ತು. ಯಾಕೂಬ ಟ್ರಂಕನ್ನು ನೋಡಿದ. ಕಾಗದ ಮಡಚಿ ಜೇಬಿಗಿಟ್ಟ.

"ಲೇ ಶಿವಯೋಗಿ, ಹಗ್ಗ ಬಿಚ್ಚು! ಟ್ರಂಕ್ ಒಳಗ ಒಯ್ಯಿ," ಗುರುಬಸವ್ವ ನೆಲಕ್ಕೆ ಕೈಯೂರಿ ಎದ್ದಳು. "ನಾಳೆ ಹಾರಿ ತಂದು ಆ ಕೋಣಿ ಕೆಡವು. ಒಂದು ಕಲ್ಲ ನಿಲ್ಲಬಾರ್ದು. ಯವ್ವಾ ರೇಣುಕಾ, ನಿನಗ ಏನೇನ ಅಂದ್ನೆಬೇ ನಾ..."

ಹೊರಡುವಾಗ ರೇಣುಕವ್ವ ನೀರಿನ ಚೆಂಬು ಹಿಡಿದು ಬಾಗಿಲಿಗೆ ಬಂದಳು. ದನಿ ತಗ್ಗಿಸಿದಳು.

"ಅಣ್ಣಾರ, ಆ ಬಟ್ಟಲ ತೊಟ್ಟಿಲ ಕೂಡ ಹಳ್ಳಕ್ಕ ಹೋತು. ನಾನ ಕಣ್ಣಾರೆ ನೋಡೇನಿ."

ಅವನು ಚೆಂಬು ಕೈಗೆ ತೆಗೆದುಕೊಂಡ.

"ಹಂಗಾದ್ರ ಆ ಕಾಗದದಾಗಿಂದು ಸುಳ್ಳೇನ್ರಿ?"

"ಬಟ್ಟಲ ಸುಳ್ಳ ಹೇಳೂದಿಲ್ಲ ಯವ್ವಾ."

"ಮತ್ತ ಯಾರ ಮನೀ ಗಾಳಿರಿ ಅದು?"

ಅವನು ನೀರು ಕುಡಿದು ಚೆಂಬು ಅವಳ ಕೈಗಿತ್ತು ಬಸ್ಸಿನ ಕಡೆ ನಡೆದ.

ವಿಜಾಪುರದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಮಾತ್ರ ಎಂದಿನಂತೆ ಕತ್ತಲೆ. ರಿಪೇರಿಗೆ ಬಂದ ಗಡಿಯಾರಗಳ ಯಂತ್ರಕ್ಕೆ ಧೂಳು ಕೂಡದೆಂದು ಅವನ ತಂದೆ ಪೀರಸಾಬ ಅಲ್ಲಿಯ ಕಿಟಕಿ ತೆರೆಯದೆ ನಲವತ್ತು ವರ್ಷವಾಗಿತ್ತು. ಮುದುಕ ಚಿಮಣಿ ದೀಪದ ಬೆಳಕಿನಲ್ಲಿ ಬಗ್ಗಿ ಕೂತಿದ್ದ. ಸಣ್ಣ ಕುಂಚವನ್ನು ಸೀಸೆಯಲ್ಲಿ ಅದ್ದಿ, ತುದಿಯನ್ನು ತುಟಿಗಳ ನಡುವೆ ಚೂಪು ಮಾಡಿ, ಒಂದು ಗಡಿಯಾರದ ಮುಳ್ಳಿಗೆ ಬಣ್ಣ ಎಳೆದ. ಹಿಂದಿನ ಹಲಗೆಗಳ ಮೇಲೆ ನೂರಾರು ಗಡಿಯಾರದ ಮುಖಗಳು ಹಸಿರಾಗಿ ಮಿನುಗುತ್ತಿದ್ದವು. ಕೆಮ್ಮು ಬಂತು. ವಸ್ತ್ರದಲ್ಲಿ ಬಾಯಿ ಒರೆಸಿ, ಕೆಂಪಾದ ಭಾಗ ಒಳಗಾಗುವಂತೆ ಮಡಚಿಟ್ಟ. ತಡವಾಯಿತೆಂದು ಡಾಕ್ಟರು ಎಕ್ಸ್‌ರೇ ನೋಡಿ ಹೋದ ವಾರವೇ ಹೇಳಿದ್ದರು.

"ಆ ಮನೀಯವ್ರು ಕೋಣಿ ಬಿಟ್ರೇನು ಬೇಟಾ?"

"ಬಿಟ್ರು ಅಬ್ಬಾ."

"ಛಲೋ ಆತು. ಹೇಳೋರಿದ್ರ ಜನ ಉಳೀತಾರ."

ಪೀರಸಾಬ ಮತ್ತೆ ಕುಂಚವನ್ನು ತುಟಿಗಿಟ್ಟ. ಅವನ ತಲೆಯ ಮೇಲಿನ ಗೋಡೆಯಲ್ಲಿ ಒಂದು ಮೊಳೆ ಖಾಲಿಯಿತ್ತು.

ಹೆಚ್ಚಿನ ಆ ಒಂದು ಬಟ್ಟಲು ಮೂರು ತಿಂಗಳು ತೂಗಿದ್ದು ಆ ಮೊಳೆಗೇ ಎಂಬುದನ್ನು ಯಾಕೂಬ ತಂದೆಗೆ ಹೇಳಲೇ ಇಲ್ಲ.