ಗೌಡರು ಕೊಟ್ಟ ಹಸಿವು

ಮಾಘದ ಚಳಿ ಇಳಿಯುತ್ತಿದ್ದಾಗ, ಬೆಳಗಿನ ಎಂಟು ಗಂಟೆಗೆ, ಕ್ಯಾನ್ಸರ್ ಆಸ್ಪತ್ರೆಯ ಕೌಂಟರ್ ಕಿಟಕಿಯಲ್ಲಿ ರುದ್ರಗೌಡರು ತಮ್ಮ ಹಸಿವನ್ನು ಹೆಂಡತಿ ನೀಲಗಂಗವ್ವನಿಗೆ ಬರೆದುಕೊಟ್ಟರು. ಔಷಧಿಯಿಂದ ಬಾಯಿರುಚಿ ಕೆಟ್ಟವರಿಗೆ ಮನೆಯವರು ಹಾಗೆ ಕೊಡುವುದು ರೂಢಿ. ಪಡೆದವರು ತೀರಿಕೊಂಡರೆ ಅದು ಕೊಟ್ಟವರಿಗೆ ತಾನಾಗಿ ಮರಳುತ್ತದೆ. ಅರ್ಧ ಮಾತ್ರ ಕೊಡಬೇಕು. ಗೌಡರು ಪೂರ್ತಿ ಕೊಟ್ಟರು.

ಮಧ್ಯಾಹ್ನ ನೀಲಗಂಗವ್ವ ಎದ್ದು ಕೂತು ರೊಟ್ಟಿ ಮುರಿದಳು.

"ಬೆಲ್ಲದ ಮಾದಲಿ ಉಣ್ಣಾಕಿ ನಾನು. ಹುಳಿ ಪುಂಡಿಪಲ್ಯ ಅಂದ್ರ ಮೂಗು ಮುರೀತಿದ್ನಿ. ಈಗ ಅದ ಬೇಕಂತೈತಿ ನಾಲಿಗಿ. ಎಂಥಾ ಹಸಿವು ಕೊಟ್ರಿ?"

"ನಂದೈತಿ, ಹಂಗ ಇರತೈತಿ."

"ನಿಮ್ಮ ಊಟ?"

"ಆತು," ಎಂದರು ಗೌಡರು. ಅನ್ನ ಕಂಡರೆ ಅವರಿಗೆ ಕಲ್ಲು ಕಂಡಂತಾಗುತ್ತಿತ್ತು.

ವಾರ್ಡಿನಲ್ಲಿ ಧೈರ್ಯ ಹೇಳುವ ಸಿಸ್ಟರ್ ಶಾಂಭವಿಗೆ ಗೌಡರು ಪೂರ್ತಿ ಕೊಟ್ಟದ್ದು ಗೊತ್ತಾಯಿತು. "ಗೌಡ್ರ, ನೀವ ಬಿದ್ರ ಅವ್ವನ್ನ ಎಬ್ಬಿಸೋರು ಯಾರು? ಅರ್ಧಾ ತಿರುಗಿ ತಗೋರಿ."

"ಆಕಿ ಉಣ್ಣಾಕತ್ತಾಳ ತಾಯಿ. ಇನ್ನೊಂದೀಟು ದಿನ ಇರಲಿ."

ಸಿಸ್ಟರ್ ದಿನಾ ಎದುರು ಕೂತು, ಗಡಿಯಾರ ನೋಡಿ, ಅವರಿಗೆ ಗಂಜಿ ಕುಡಿಸಿದಳು.

ಇಪ್ಪತ್ತು ದಿನ ಕಳೆದವು. ಒಂದು ಬೆಳಿಗ್ಗೆ ವಾರ್ಡಿನ ಹೊರಗೆ ಗಂಜಿಯ ಲೋಟ ಹಿಡಿದಿದ್ದ ಗೌಡರ ಹೊಟ್ಟೆ ಹಸಿವಿನಿಂದ ಚುರ್ ಎಂದಿತು. ಬೇಕೆನಿಸಿದ್ದು ಪುಂಡಿಪಲ್ಯವಲ್ಲ, ತಾವು ಎಂದೂ ಮುಟ್ಟದ ಮಾದಲಿ. ಯಾರೂ ಬಂದು ಹೇಳುವ ಮೊದಲೇ ಅವರು ಲೋಟ ಕೆಳಗಿಟ್ಟರು.

ನೀಲಗಂಗವ್ವ ಹೋದದ್ದು ಫಾಲ್ಗುಣ ಶುದ್ಧ ಪಂಚಮಿ, ಸೋಮವಾರ.