ಇಟಲಿಯ ಕಿವಿಗಳು

2023ರ ಏಪ್ರಿಲ್ 16, ಭಾನುವಾರ, ಮಧ್ಯಾಹ್ನ ಒಂದು ಗಂಟೆ. ಧಾರವಾಡದ ಆ ಮನೆಯಲ್ಲಿ ತಾಯಿ ಮಗನ ವಾದ ಊಟದ ಮೇಜಿನವರೆಗೂ ಬಂದಿತ್ತು.

ಮಗ ಇಟಲಿಯ ಒರೆಕ್ಕಿಯೆಟ್ಟೆ ಪಾಸ್ತಾದ ಒಂದು ಪೊಟ್ಟಣ ಕೊಂಡು ತಂದಿದ್ದ. ಪುಟ್ಟ ಕಿವಿಯಂಥ ಆಕಾರ. ತಾಯಿ ಪ್ರತಿ ಬೇಸಿಗೆಯಲ್ಲಿ ರವೆ ನಾದಿ, ಹೆಬ್ಬೆರಳಿನಿಂದ ಒತ್ತಿ, ಒಣಗಿಸಿಡುವ ಪರಡಿಯೂ ಹೆಚ್ಚುಕಡಿಮೆ ಅದೇ ಆಕಾರದ್ದು.

“ನಿನ್ನ ಪರಡಿ ಪಾಯಸಕ್ಕಷ್ಟ, ಅವ್ವಾ. ಇದರ ರುಚಿ ಅದಕ್ಕೆಲ್ಲಿ ಬರಬೇಕು?”

“ಹಂಗೇನು? ಇದು ಚಲೋ ಅದ ಅಂತ ನನ್ನ ಬಾಯಾಗ ಬಂದ್ರ, ಇನ್ನ ಮ್ಯಾಲೆ ನಾ ಪರಡಿ ಮಾಡಲಿಕ್ಕೆ ಕೂಡೂದಿಲ್ಲ!”

ಅಡುಗೆಮನೆಯಲ್ಲಿದ್ದ ಸೊಸೆ ಇದನ್ನು ಕೇಳಿಸಿಕೊಂಡಳು. ಅತ್ತೆಯ ಪರಡಿ ಪಾಯಸವೆಂದರೆ ಅವಳಿಗೆ ಪ್ರಾಣ. ಸ್ವಲ್ಪ ಹೊತ್ತಿಗೆ ಟೊಮೆಟೊ, ಬೆಳ್ಳುಳ್ಳಿಯ ಗಟ್ಟಿ ಸಾರಿನಲ್ಲಿ ಮುಳುಗಿದ ಕಿವಿಗಳನ್ನು ಬಿಸಿಬಿಸಿಯಾಗಿ ತಂದು ಬಡಿಸಿದಳು.

ಮಗ ಎರಡನೇ ಸಲ ಹಾಕಿಸಿಕೊಂಡ. “ಹಲ್ಲಿಗೆ ಹೆಂಗ ಸಿಗ್ತದ ನೋಡು! ಇದು ಇಟಲಿಯವರ ಕೈ. ನಿನಗ ಜನ್ಮದಾಗ ಬರೂದಿಲ್ಲ.”

ತಾಯಿ ನಾಲ್ಕು ತಿಂದು ತಟ್ಟೆ ಸರಿಸಿದಳು. “ಏನ್ ಸುಡುಗಾಡೋ! ರಬ್ಬರ್ ಅಗದಂಗ ಆತು. ನನ್ನ ಪರಡಿ ಮುಂದ ಇದನ್ನ ನಿವಾಳಿಸಿ ಒಗೀಬೇಕು. ನಾಳೆನೇ ರವಾ ನಾದತೀನಿ.” ಸೊಸೆಯತ್ತ ತಿರುಗಿದಳು. “ನೀ ಹೇಳವಾ, ಯಾರು ಗೆದ್ರು?”

“ಇಬ್ಬರೂ ಗೆದ್ರಿ, ಅತ್ತಿ” ಎಂದು ನಗುತ್ತ ಸೊಸೆ ಒಳಗೆ ಹೋದಳು. ಆಗಷ್ಟೇ ಖಾಲಿಯಾದ ಪರಡಿಯ ಡಬ್ಬಿಯನ್ನು ತೊಳೆಯಲು ಹಾಕಿ, ಇನ್ನೂ ಒಡೆಯದ ಇಟಲಿಯ ಪೊಟ್ಟಣವನ್ನು ಕಪಾಟಿನ ಹಿಂದಕ್ಕೆ ಸರಿಸಿದಳು.